ಸ್ಪೀಕರ್ ಮನೆಯಲ್ಲೇ ಇರಲಿ

ಬೆನ್ನಿನ ಚೀಲಕ್ಕೆ ಬ್ಲೂಟೂತ್ ಸ್ಪೀಕರ್ ಸಿಕ್ಕಿಸಿಕೊಂಡು ಬೆಟ್ಟ ಹತ್ತುವ ಗೆಳೆಯರೇ,

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ನಸುಕಿಗೆ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಇಳಿದು, ಒಂದು ಲೋಟ ಚಹಾ ಕುಡಿದು ಕುಮಾರಪರ್ವತದ ದಾರಿ ಹಿಡಿಯುವವರು ನೀವು. ನಾನೂ ಹಾಗೇ ಶುರು ಮಾಡಿದವನು. ಇಪ್ಪತ್ತು ವರ್ಷಗಳಿಂದ ಆ ದಾರಿಯಲ್ಲಿ ಓಡಾಡಿದ ಸಲುಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ತಂತ್ರಜ್ಞಾನದ ಮೇಲೆ ನನಗೆ ಮುನಿಸಿಲ್ಲ. ನನ್ನ ಚೀಲದಲ್ಲೂ ಮೊಬೈಲ್ ಇರುತ್ತದೆ, ಪವರ್ ಬ್ಯಾಂಕ್ ಇರುತ್ತದೆ, ಹಣೆಗೆ ಕಟ್ಟುವ ಟಾರ್ಚ್ ಇರುತ್ತದೆ. ಜಿಪಿಎಸ್ ನೇರ ಉಪಗ್ರಹದಿಂದ ಸಂಕೇತ ಹಿಡಿಯುವುದರಿಂದ ನೆಟ್‌ವರ್ಕ್ ಇಲ್ಲದ ಕಡೆಯೂ ನಾವಿರುವ ಜಾಗ ತೋರಿಸುತ್ತದೆ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಸಾಕು. ಮಂಜು ಕವಿದು ಹತ್ತು ಮಾರು ದೂರದ್ದು ಕಾಣದ ಹೊತ್ತಿನಲ್ಲಿ ನನ್ನನ್ನು ದಾರಿಗೆ ಹಚ್ಚಿದ್ದು ಅದೇ ಮೊಬೈಲು. ಅದನ್ನು ಬಿಟ್ಟು ಬನ್ನಿ ಎಂದು ಯಾರಿಗೂ ಹೇಳಲಾರೆ.

ಆದರೆ ಒಂದು ಸಂಜೆಯ ಮಾತು ಕೇಳಿ. ಅದೇ ದಾರಿಯ ನಡುವೆ ಸಿಗುವ ಗಿರಿಗದ್ದೆಯಿಂದ ಕೆಳಗಿನ ದಟ್ಟ ಕಾಡಿನಲ್ಲಿ ಇಳಿದು ಬರುತ್ತಿದ್ದೆ. ದಾರಿ ಬದಿಯ ಬಂಡೆಯ ಮೇಲೆ ನಾಲ್ವರು ಹುಡುಗರು ಕೂತಿದ್ದರು. ಒಬ್ಬನ ಪಾದ ಉಳುಕಿ, ಹರಡು ಊದಿಕೊಂಡಿತ್ತು. ಕತ್ತಲಾಗುತ್ತಿತ್ತು. ಟಾರ್ಚ್ ಎಲ್ಲಿ ಎಂದರೆ, "ಮೊಬೈಲ್‌ನಲ್ಲಿದೆ ಸಾರ್" ಎಂದರು. ನಾಲ್ಕೂ ಮೊಬೈಲುಗಳ ಬ್ಯಾಟರಿ ಮುಗಿದಿತ್ತು. ಬೆಳಗ್ಗೆಯಿಂದ ಸರದಿಯ ಮೇಲೆ ಹಾಡು ಹಾಕಿದ್ದರು, ಉಳಿದ ಚಾರ್ಜು ವಿಡಿಯೊಗೆ ಹೋಗಿತ್ತು. ಒಬ್ಬನ ಚೀಲಕ್ಕೆ ತೂಗುಬಿದ್ದಿದ್ದ ಸ್ಪೀಕರಿನ ನೀಲಿ ದೀಪ ಮಾತ್ರ ಮಿನುಗುತ್ತಲೇ ಇತ್ತು. ಕಾಲಿಗೆ ಬ್ಯಾಂಡೇಜು ಸುತ್ತಿ, ಕೈಗೊಂದು ಕೋಲು ಕೊಟ್ಟು, ಒಂದೇ ಟಾರ್ಚಿನ ಬೆಳಕಿನಲ್ಲಿ ಐವರೂ ಕೆಳಗೆ ಮುಟ್ಟುವಾಗ ರಾತ್ರಿ ಹತ್ತಾಗಿತ್ತು. ಒಳ್ಳೆಯ ಹುಡುಗರು. ದಾರಿಯುದ್ದಕ್ಕೂ ಗೆಳೆಯನನ್ನು ಹೆಗಲ ಮೇಲೆ ಹೊತ್ತಂತೆ ತಂದರು. ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ, ಅಷ್ಟೇ.

ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. ಆನೆ ಇರುವ ಕಾಡು. ಅಲ್ಲಿ ಕಣ್ಣಿಗಿಂತ ಕಿವಿಯೇ ಮೊದಲು ನಮ್ಮನ್ನು ಕಾಯುವುದು. ಮುಂದೆ ನಡೆಯುತ್ತಿದ್ದ ಊರಿನವರೊಬ್ಬರು ಒಮ್ಮೆ ಕೈ ಎತ್ತಿ ನಮ್ಮನ್ನೆಲ್ಲ ನಿಲ್ಲಿಸಿದರು. ನನಗೇನೂ ಕಾಣಲಿಲ್ಲ. ಉಸಿರು ಬಿಗಿಹಿಡಿದು ನಿಂತ ಮೇಲೆ ಕೇಳಿಸಿತು: ಬಲಗಡೆ ಬಿದಿರು ಮುರಿಯುವ ಸದ್ದು, ತುಸು ತಡೆದು ಮತ್ತೊಂದು. ಹದಿನೈದು ನಿಮಿಷ ಅಲ್ಲಾಡದೆ ನಿಂತೆವು. "ಕಿವಿ ಮುಚ್ಚಿಕೊಂಡು ಕಾಡಿಗೆ ಬರಬಾರದು ಮಾರಾಯ್ರೇ" ಎಂದರು, ಸದ್ದು ದೂರವಾದ ಮೇಲೆ. ಅದಕ್ಕೇ ನಡೆಯುವಾಗ ಇಯರ್‌ಫೋನೂ ಬೇಡ ಎನ್ನುತ್ತೇನೆ. ಮಲಗುವ ಹೊತ್ತಿಗೆ ಟೆಂಟಿನೊಳಗೆ ಬೇಕಾದರೆ ಹಾಕಿಕೊಳ್ಳಿ, ಅದು ನಿಮ್ಮ ಪಾಡು. ಸ್ಪೀಕರಿನ ಸದ್ದು ಮಾತ್ರ ನಿಮ್ಮ ಟೆಂಟಿನೊಳಗೆ ನಿಲ್ಲುವುದಿಲ್ಲ.

ಅದು ಎಲ್ಲೆಲ್ಲಿಗೆ ಹೋಗುತ್ತದೆ ಗೊತ್ತೇ? ಕಪ್ಪೆಗಳ ಕಿವಿಯವರೆಗೂ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಒಂದು ಪುಟ್ಟ ಕಪ್ಪೆಯಿದೆ. 2014ರಲ್ಲಿ ವಿಜ್ಞಾನಿಗಳು ಅದಕ್ಕೆ ಕುಂಬಾರ ಎಂಬ ನಮ್ಮ ಕನ್ನಡದ ಹೆಸರನ್ನೇ ಇಟ್ಟರು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಹಳ್ಳದ ತಳದ ಮಣ್ಣನ್ನು ಮುಂಗೈಗಳಲ್ಲಿ ಎತ್ತಿ ತಂದು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಗಡಿಗೆಗೆ ಮಣ್ಣು ಸವರುವ ಕುಂಬಾರನ ಹಾಗೆ. ಇಷ್ಟೆಲ್ಲ ನಡೆಯುವುದು ರಾತ್ರಿಯ ಕತ್ತಲೆಯಲ್ಲಿ, ಮತ್ತು ಇದಕ್ಕೆಲ್ಲ ಮೊದಲು ಗಂಡಿನ ಕೂಗು ಹೆಣ್ಣಿನ ಕಿವಿಗೆ ಬೀಳಬೇಕು. ನಮ್ಮ ಕಾಡಿನ ಬಹುತೇಕ ಕಪ್ಪೆಗಳ ಸಂಸಾರ ಶುರುವಾಗುವುದು ಕೂಗಿನಿಂದಲೇ. ಮಳೆಗಾಲದ ರಾತ್ರಿ ಹಳ್ಳದ ದಂಡೆಯಲ್ಲಿ ಕ್ಯಾಂಪ್ ಹಾಕಿ ಸ್ಪೀಕರ್ ಹಚ್ಚಿದಾಗ ನಾವು ಅಡ್ಡ ಬರುವುದು ಇದಕ್ಕೆ.

ಹಾಡೇ ಬೇಡವೇ, ಅಂತ್ಯಾಕ್ಷರಿ ಆಡಬಾರದೇ ಎಂದು ನೀವು ಕೇಳಬಹುದು. ಊಟ ಮುಗಿಸಿ ಮೆಲುದನಿಯಲ್ಲಿ ಹಾಡಿಕೊಂಡರೆ ನನ್ನ ತಕರಾರಿಲ್ಲ. ಮನುಷ್ಯನ ಗಂಟಲು ಅರ್ಧ ಗಂಟೆಗೆ ದಣಿಯುತ್ತದೆ, ನಿದ್ದೆಯೂ ಬರುತ್ತದೆ. ಯಂತ್ರಕ್ಕೆ ದಣಿವಿಲ್ಲ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಜಾತ್ರೆಯಂಥ ಜನ ಸೇರಿದ್ದನ್ನು ನೀವೂ ನೋಡಿದ್ದೀರಿ. ಆಮೇಲೆ ಸರ್ಕಾರ ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಒಂದು ದಾರಿಗೆ 300 ಜನ ಎಂಬ ಮಿತಿ ಹಾಕಿತು. ನನಗೆ ಅದು ಸರಿ ಎನಿಸಿತು. ಆದರೆ ಆ 300 ಜನರಲ್ಲಿ ಹತ್ತಕ್ಕೊಬ್ಬರು ಸ್ಪೀಕರ್ ತಂದರೂ ಮೂವತ್ತಾಯಿತು. ವನ್ಯಜೀವಿಧಾಮದಲ್ಲಿ ಪ್ರಾಣಿಗಳನ್ನು ಕೆಣಕಬಾರದು, ಕಸ ಹಾಕಬಾರದು ಎಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಸದ್ದನ್ನೂ ಕಸ ಎಂದೇ ಎಣಿಸುವವನು ನಾನು. ಪ್ಲಾಸ್ಟಿಕ್ ಬಾಟಲಿಯನ್ನಾದರೂ ಹೆಕ್ಕಿ ಕೆಳಗೆ ತರಬಹುದು.

ಮುಂದಿನ ಸಲ ಬರುವಾಗ ಇಷ್ಟು ಮಾಡಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಸಿಗದ ನೆಟ್‌ವರ್ಕ್ ಹುಡುಕಿ ಹುಡುಕಿಯೇ ಅದರ ಬ್ಯಾಟರಿ ಸೋರಿಹೋಗುತ್ತದೆ. ಗುಂಪಿನಲ್ಲಿ ಒಂದು ಮೊಬೈಲನ್ನು ಆಪತ್ತಿಗೆಂದು ಮುಟ್ಟದೆ ಇಟ್ಟಿರಿ. ತಲೆಗೊಂದು ಟಾರ್ಚ್ ಇರಲಿ. ದಾರಿಯಲ್ಲಿ ಸಿಗುವ ಕಲ್ಲುಮಂಟಪ ತಲುಪಿದಾಗ ಚೀಲ ಇಳಿಸಿ, ಹತ್ತು ನಿಮಿಷ ಮಾತಾಡದೆ ಕೂತು ನೋಡಿ. ಸ್ಪೀಕರನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ.

ಇಂತಿ,
ನಿಮ್ಮ ಹಿಂದೆಯೇ ಬೆಟ್ಟ ಹತ್ತುತ್ತಿರುವ ಒಬ್ಬ ಚಾರಣಿಗ