ಮುತ್ತಜ್ಜನ ವಾರಸುದಾರರು

ನಮ್ಮ ಮುತ್ತಜ್ಜ ಊರು ಬಿಟ್ಟು ಮುಂಬಯಿಗೆ ಹೋಗಿ ಹೋಟೆಲು ಇಟ್ಟವರು. ಯಾಕೆ ಹೋದರು ಎಂಬುದರ ಬಗ್ಗೆ, ಮಧ್ವಾಚಾರ್ಯರ ಸೀಮೆಯವರಾದರೂ, ನಮ್ಮ ಕುಟುಂಬದಲ್ಲಿ ತ್ರೈತ ಸಿದ್ಧಾಂತ ಚಾಲ್ತಿಯಲ್ಲಿದೆ.

ದೊಡ್ಡಪ್ಪನ ಪ್ರಕಾರ 1923ರ ನೇತ್ರಾವತಿ ನೆರೆಯಲ್ಲಿ ಸರ್ವಸ್ವವೂ ಕೊಚ್ಚಿಹೋಯಿತು. ಬಂಟ್ವಾಳ, ಪಾಣೆಮಂಗಳೂರುಗಳನ್ನು ಆ ನೆರೆ ಮುಳುಗಿಸಿದ್ದು ನಿಜ. ಆದರೆ ನಮ್ಮ ಮೂಲಮನೆ ಇರುವುದು ಗುಡ್ಡದ ನೆತ್ತಿಯ ಮೇಲೆ. ಪಂಪು ಹಾಕಿದರೂ ಹತ್ತದ ನೀರು ಅಂದು ತಾನಾಗಿ ಹತ್ತಿತೆಂದರೆ ದೊಡ್ಡಪ್ಪನೇ ಹೇಳಬೇಕು. ಸೋದರತ್ತೆಯ ಮತದಲ್ಲಿ, ಹಲಸಿನ ಮರದ ಪಾಲಿನ ವಿಷಯಕ್ಕೆ ಅಣ್ಣನೊಡನೆ ಜಗಳ. ಚಿಕ್ಕಪ್ಪನದು ದೇಶಭಕ್ತಿಯ ಪಕ್ಷ: ಗಾಂಧೀಜಿಯನ್ನು ನೋಡಲು ಹೋದವರು ಅಲ್ಲೇ ಉಳಿದರಂತೆ. ಗಾಂಧೀಜಿ ಸಿಕ್ಕಿದರೋ ಇಲ್ಲವೋ, ಇಡ್ಲಿಯಂತೂ ಅವರ ಕೈಬಿಡಲಿಲ್ಲ.

ಈ ಬೇಸಗೆಯಲ್ಲಿ ಕುಟುಂಬದ ಸಮಾವೇಶ ಮಾಡಿ ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನವಾಯಿತು. 'ನೀನು ಹೇಗೂ ಬರೆಯುವವನಲ್ಲವಾ' ಎಂದು ಜೀವನಚರಿತ್ರೆಯನ್ನು ನನ್ನ ತಲೆಗೆ ಕಟ್ಟಿದರು. ನಾನು ಹೆಚ್ಚಾಗಿ ಬರೆಯುವುದು ಅಪಾರ್ಟ್‌ಮೆಂಟಿನ ಸಂಘಕ್ಕೆ ಪಾರ್ಕಿಂಗ್ ತಕರಾರಿನ ಪತ್ರಗಳನ್ನು.

ಮುತ್ತಜ್ಜನ ಕಾಲದಲ್ಲಿ ಮಂಗಳೂರಿನಿಂದ ಮುಂಬಯಿಗೆ ಹೆಚ್ಚಿನವರಿಗೆ ಹಡಗೇ ಗತಿ. ದೋಣಿಯಲ್ಲಿ ಕಡಲಿನ ನಡುವಿಗೆ ಹೋಗಿ, ಅಲ್ಲಿಂದ ಹಡಗು ಹತ್ತಬೇಕು. ಮಳೆಗಾಲದಲ್ಲಿ ಅದೂ ಬಂದ್. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಆ ರೈಲಿನಲ್ಲಿ ಸೈಡ್ ಅಪ್ಪರ್ ಸಿಕ್ಕಿತೆಂದು ನಾನು ಮಡಗಾಂವಿನವರೆಗೂ ಮುಖ ಊದಿಸಿ ಕೂತದ್ದನ್ನು ನನ್ನ ಹೆಂಡತಿ, ಯಾರೂ ಕೇಳದೆ, ಸಂಚಿಕೆಯ ಸಮಿತಿಗೆ ವರದಿ ಮಾಡಿದಳು.

ಮುಂಬಯಿಯಲ್ಲಿ ಊರಿನ ಹುಡುಗರ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಮಾಣಿ, ಲೋಟ ತಟ್ಟೆ ತೊಳೆಯುವುದು, ಮೇಜು ಒರೆಸುವುದು. ಆಮೇಲೆ ಸಪ್ಲೈಯರ್. ಕೈ ಕುದುರಿದರೆ ಅಡುಗೆಯೊಳಗೆ ಪ್ರವೇಶ. ಅದೃಷ್ಟವಿದ್ದರೆ ಕಡೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕುರ್ಚಿ. ಮಲಗುವುದು ಗಿರಾಕಿ ಎದ್ದುಹೋದ ಬೆಂಚಿನ ಮೇಲೆ. ಓದುವ ಹುಚ್ಚಿದ್ದವರಿಗೆ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲು ಚಹಾ ಕೊಟ್ಟು ರಾತ್ರಿ ಪಾಠ ಕಲಿತು ವಕೀಲರಾದವರೂ ಇದ್ದಾರೆ. ಇದನ್ನು ನನ್ನ ಮಗನಿಗೆ ಹೇಳಿದೆ. 'ಅಪ್ಪಾ, ಅವರಿಗೆ ವೈಫೈ ಇರಲಿಲ್ಲ, ಅದಕ್ಕೇ ಓದಿದರು' ಎಂದ.

ಹೋಟೆಲು ಎಂದಮೇಲೆ ದೊಡ್ಡ ಹೆಸರುಗಳಿಗೆ ನೆಂಟಸ್ತಿಕೆ ಹಚ್ಚದೆ ನಮ್ಮವರಿಗೆ ಸಮಾಧಾನವಿಲ್ಲ. 1924ರಲ್ಲಿ ಪರಂಪಳ್ಳಿಯ ಮಯ್ಯರು ಬೆಂಗಳೂರಿನಲ್ಲಿ ಶುರುಮಾಡಿದ ಹೋಟೆಲು ಮುಂದೆ ಎಂಟಿಆರ್ ಆದದ್ದು, ಕಡಂದಲೆಯ ಕೃಷ್ಣರಾಯರು ಮದರಾಸಿನಲ್ಲಿ ಕಟ್ಟಿದ ವುಡ್‌ಲ್ಯಾಂಡ್ಸ್, 1942ರಲ್ಲಿ ರಾಮ ನಾಯಕರು ಮಾಟುಂಗದಲ್ಲಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗ್ ಎಲ್ಲವೂ ಚಿಕ್ಕಪ್ಪನ ಕರಡಿನಲ್ಲಿ ಮುತ್ತಜ್ಜನ ಸಲಹೆಯಿಂದಲೇ ಆದವು. ನಾನು ಅದನ್ನು ಹೊಡೆದುಹಾಕಿದೆ. ಮುತ್ತಜ್ಜನ ಹೋಟೆಲಿನಲ್ಲಿ ಇದ್ದದ್ದು ಕೆಲವೇ ಬೆಂಚು, ಮತ್ತು ಸಾಲ ಹೇಳಿ ಹೋಗುವ ಬೇಕಾದಷ್ಟು ಗಿರಾಕಿಗಳು.

ಫೋಟೋ ಇರುವುದು ಒಂದೇ. ಹೋಟೆಲಿನ ಎದುರು ಗುಂಪಾಗಿ ನಿಂತದ್ದು, ಅಂಚನ್ನು ಜಿರಳೆ ತಿಂದಿದೆ. ಅದರಲ್ಲಿ ಮುತ್ತಜ್ಜ ಯಾರು ಎಂಬುದು ಒಂದೊಂದು ಕವಲಿನವರಿಗೆ ಒಂದೊಂದು. ಚರ್ಚೆ ಊಟದ ಹೊತ್ತಿಗೂ ಮುಗಿಯದೆ, ಕೊನೆಗೆ ಡೊಳ್ಳುಹೊಟ್ಟೆಯವರನ್ನು ಆರಿಸಿದೆವು. ನಮ್ಮೆಲ್ಲರ ಸಕ್ಕರೆ ಕಾಯಿಲೆಗೂ ಬಿಪಿಗೂ ಅವರಲ್ಲಿ ಆಧಾರ ಕಂಡಿತು. ಚಿಕ್ಕಪ್ಪ ಕಂಪ್ಯೂಟರಿನಲ್ಲಿ ಅವರಿಗೆ ಕೋಟು, ಮೈಸೂರು ಪೇಟ ತೊಡಿಸಿದ್ದಾರೆ. ಕೆಳಗೆ ಮಾತ್ರ ಬರಿಗಾಲೇ.

ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಹೋಟೆಲಿನ ರುಬ್ಬುವ ಕಲ್ಲು. ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಅದರ ಮೇಲೆ ಬಟ್ಟೆ ಕ್ಲಿಪ್ಪಿನ ಬುಟ್ಟಿ ಇರುತ್ತದೆ. ಜೀವನಚರಿತ್ರೆಗೆ ಅನುಭವ ಬೇಕಲ್ಲ ಎಂದು ಒಂದು ಭಾನುವಾರ ನೆನೆಸಿದ ಉದ್ದು ಹಾಕಿ ಕುಳಿತೆ. ಉದ್ದಿಗೆ ನೀರು ಚಿಮುಕಿಸಿ ಚಿಮುಕಿಸಿ ರುಬ್ಬಬೇಕು, ಅದು ಬೆಣ್ಣೆಯಂತೆ ಉಬ್ಬಿ ಬರಬೇಕು. ನನ್ನದು ನೀರು ಹೆಚ್ಚಾಗಿ ಕೆಳಗಿನ ಮನೆಯವರ ಒಣಹಾಕಿದ ಸೀರೆಯ ಮೇಲೆ ಉಬ್ಬಿತು. ಗುಂಡು ಒಂದು ಕಡೆ ತಿರುಗಿದರೆ ನನ್ನ ಸೊಂಟ ಇನ್ನೊಂದು ಕಡೆ ತಿರುಗಿ ಅಲ್ಲೇ ನಿಂತಿತು. 'ರೀ, ನಿಮ್ಮ ಮುತ್ತಜ್ಜ ಹೀಗೇ ರುಬ್ಬಿದ್ದರೆ ಮುಂದಿನ ಹಡಗಿಗೇ ವಾಪಸ್ ಕಳಿಸ್ತಿದ್ದರು' ಎನ್ನುತ್ತ ಹೆಂಡತಿ ಮುಲಾಮು ತಂದಳು. ಅಂದಿನ ಇಡ್ಲಿ ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿದ್ದು. ತಂದ ಹುಡುಗನಿಗೂ ಮುತ್ತಜ್ಜನ ಕತೆ ಹೇಳಲು ಹೊರಟೆ. ಅವನು ಒಟಿಪಿ ಕೇಳಿದ.

ಮೊನ್ನೆ ಮೂಲಮನೆಯ ಅಟ್ಟದ ಟ್ರಂಕಿನಲ್ಲಿ ಮುತ್ತಜ್ಜ ಬರೆದ ಒಂದು ಕಾರ್ಡು ಸಿಕ್ಕಿತು. ನೆರೆಯಿಲ್ಲ, ಹಲಸಿಲ್ಲ, ಗಾಂಧೀಜಿಯಿಲ್ಲ. ಮನಿಯಾರ್ಡರು ಮಾಡಿದ್ದೇನೆ, ಅಡವಿಟ್ಟ ಮಜಲು ಗದ್ದೆ ಬಿಡಿಸಿಕೊಳ್ಳಿ, ಬಿಳಿ ದನ ಕರು ಹಾಕಿತೇ ಎಂದು ಕೇಳಿದ್ದಾರೆ, ಅಷ್ಟೇ.

ಸಮಿತಿ ಮೌನವಾಯಿತು. ಆಮೇಲೆ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, 'ಸಾಲದ ವಿಷಯ ಅಚ್ಚು ಹಾಕಿಸುವುದು ಬೇಡ, ನಮ್ಮ ಹುಡುಗನಿಗೆ ಹೆಣ್ಣು ನೋಡುತ್ತಿದ್ದೇವೆ' ಎಂದರು. ಎಲ್ಲರೂ ತಲೆಯಾಡಿಸಿದರು. ಮೂರು ಸಿದ್ಧಾಂತಗಳ ಬಗ್ಗೆ ಜೀವ ಹೋದರೂ ಒಪ್ಪದವರು ಈ ಒಂದು ಮಾತಿಗೆ ಒಮ್ಮತಕ್ಕೆ ಬಂದರು.

ನಾನೂ ಒಪ್ಪಿದೆ, ಯಾಕೆಂದರೆ ರುಬ್ಬುವ ಕಲ್ಲು ಇಟ್ಟಿರುವ ಆ ಫ್ಲ್ಯಾಟಿನ ಗೃಹಸಾಲದ ಕಂತು ಪ್ರತಿ ತಿಂಗಳ ಐದನೇ ತಾರೀಕಿಗೆ ನನ್ನ ಖಾತೆಯಿಂದಲೇ ಹೋಗುತ್ತದೆ. ಇಷ್ಟು ಜನ ವಾರಸುದಾರರಲ್ಲಿ ಮುತ್ತಜ್ಜನನ್ನು ಹೋಲುವವನು ನಾನೊಬ್ಬನೇ ಎಂದು ಧೈರ್ಯವಾಗಿ ಹೇಳಬಲ್ಲೆ. ವ್ಯತ್ಯಾಸವೆಂದರೆ, ಅವರು ಗದ್ದೆ ಬಿಡಿಸಿಕೊಂಡರು.