ಉಂಗುರ ಸುತ್ತಿದ ಪರಮಾಣು ಚಿತ್ರಕ್ಕೊಂದು ಬಹಿರಂಗ ಪತ್ರ

ಪ್ರಿಯ ಚಿತ್ರವೇ,

ನಡುವೆ ಒಂದು ಗುಂಡು, ಸುತ್ತ ಉಂಗುರಗಳು, ಉಂಗುರದ ಮೇಲೆ ಒಂದೊಂದು ಚುಕ್ಕೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಲಾಂಛನದಲ್ಲಿ ನೀನಿದ್ದೀಯ. ವಿಜ್ಞಾನ ಪ್ರದರ್ಶನದ ಬ್ಯಾನರುಗಳಲ್ಲಿ ನೀನಿದ್ದೀಯ. ಮುಂಬೈಯ ಧಾರಾವಿಯಲ್ಲಿ ನಾನು ಸಂಜೆ ಪಾಠ ಹೇಳುವ ಕೋಣೆಯ ಗೋಡೆಯ ಮೇಲೂ ನೀನೇ. ಎಂಟನೆಯ ತರಗತಿಯ ಮಕ್ಕಳು ನಿನ್ನನ್ನು ಬಿಡಿಸಿ, ಬಾಣ ಎಳೆದು, ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್ ಎಂದು ಬರೆದು ಅಂಕ ತೆಗೆಯುತ್ತಾರೆ. ಅಲ್ಲಿಗೆ ಪರಮಾಣುವಿನ ಪಾಠ ಮುಗಿಯಿತು ಎಂದು ನಾವು ದೊಡ್ಡವರೂ ಕೈತೊಳೆದುಕೊಳ್ಳುತ್ತೇವೆ. ನನ್ನ ತಕರಾರು ಇರುವುದು ಅಲ್ಲಿ.

ಮೊದಲು ನಿನ್ನ ಅಳತೆಯ ಮಾತು. ಚಿನ್ನದ ಪರಮಾಣುವಿನ ಅಗಲಕ್ಕೆ ಹೋಲಿಸಿದರೆ ಅದರ ನ್ಯೂಕ್ಲಿಯಸ್ಸಿನ ಅಗಲ ಸುಮಾರು 20,000ದಲ್ಲಿ ಒಂದು ಪಾಲು. ನಿನ್ನನ್ನು ಗೋಡೆಯ ಮೇಲೆ 1 ಮೀಟರ್ ಅಗಲಕ್ಕೆ ಸರಿಯಾಗಿ ಬಿಡಿಸಿದರೆ ನಡುವಿನ ಗುಂಡು 0.05 ಮಿಲಿಮೀಟರ್ ಆಗಬೇಕು. ಅಷ್ಟು ಸಣ್ಣ ಚುಕ್ಕೆ ಇಡಬಲ್ಲ ಸೀಮೆಸುಣ್ಣ ಯಾವ ಶಾಲೆಯಲ್ಲೂ ಇಲ್ಲ. ಕಾಲಿಡಲು ಜಾಗವಿಲ್ಲದ ಈ ಬಸ್ತಿಯ ಮಕ್ಕಳಿಗೆ, ತಾವು ಒರಗಿ ಕೂತ ಗೋಡೆಯ ಪರಮಾಣುವಿನ ತೂಕ ಹೆಚ್ಚುಕಡಿಮೆ ಎಲ್ಲ ಇಂಥ ಒಂದು ಚುಕ್ಕೆಯಲ್ಲಿದೆ ಎಂಬ ಸಂಗತಿ ಎಷ್ಟು ಬೆರಗು ಹುಟ್ಟಿಸಬೇಕು! ನಿನ್ನ ದಪ್ಪ ಗುಂಡು ಆ ಬೆರಗನ್ನೇ ಕದ್ದುಬಿಡುತ್ತದೆ.

ಕಳೆದ ವರ್ಷ ಒಬ್ಬ ಹುಡುಗಿ ನಿನ್ನನ್ನು ತೋರಿಸಿ ಕೇಳಿದಳು: "ಸರ್, ಯಾರೂ ನೋಡಿಲ್ಲ ಅಂತೀರಿ. ಮತ್ತ ನಡುವ ಗುಂಡು ಐತಿ ಅಂತ ಹೆಂಗ ಗೊತ್ತಾತು?" ಅವಳ ಮನೆಯವರು ಯಾದಗಿರಿ ಕಡೆಯವರು, ತಂದೆಗೆ ಇಲ್ಲಿಯ ತೇರಾ ಕಂಪೌಂಡಿನಲ್ಲಿ ಪ್ಲಾಸ್ಟಿಕ್ ಬೇರ್ಪಡಿಸುವ ಕೆಲಸ. ಇಡೀ ಪಾಠದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಅದಕ್ಕೆ ನಿನ್ನ ಬಳಿ ಉತ್ತರವಿಲ್ಲ. ಉತ್ತರ ಅವಳ ತಂದೆಯ ಕೈಯಲ್ಲೇ ಇತ್ತು.

ಅಲ್ಲಿಯ ಭಂಗಾರ್, ಅಂದರೆ ಗುಜರಿ, ಅಂಗಡಿಗಳಲ್ಲಿ ಕೆಲಸ ನಡೆಯುವ ರೀತಿ ನೋಡಬೇಕು. ಒಡೆದ ಬಕೆಟ್ಟಿನ ಚೂರು ಕೈಗೆ ಬಂದರೆ ಮೊದಲು ಬಗ್ಗಿಸುತ್ತಾರೆ, ನೆಲಕ್ಕೆ ಬಡಿದು ಸದ್ದು ಕೇಳುತ್ತಾರೆ. ಅನುಮಾನ ಉಳಿದರೆ ಅಂಚಿಗೆ ಲೈಟರ್ ಹಿಡಿದು ಮೂಸುತ್ತಾರೆ. ಮೇಣದ ವಾಸನೆ ಬಂದರೆ ಒಂದು ರಾಶಿಗೆ. ಮೂಗಿಗೆ ಚುಚ್ಚುವ ಹುಳಿ ಘಾಟು ಬಂದು, ಲೈಟರ್ ತೆಗೆದೊಡನೆ ಉರಿ ಆರಿದರೆ ಅದು ಪಿವಿಸಿ, ಬೇರೆ ರಾಶಿಗೆ. ಆ ಹೊಗೆ ಅವರ ಎದೆಗೆ ಒಳ್ಳೆಯದಲ್ಲ, ಅದನ್ನೂ ಹೇಳಲೇಬೇಕು. ಆದರೆ ಆ ಚೂರಿನ ಒಳಗಿನ ಅಣುಗಳನ್ನು ಅವರು ಕಂಡವರಲ್ಲ. ಹೊರಗಿನಿಂದ ಪೆಟ್ಟು ಕೊಟ್ಟು, ಬರುವ ಉತ್ತರದಿಂದ ಒಳಗನ್ನು ತಿಳಿಯುತ್ತಾರೆ.

1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದದ್ದೂ ಅದೇ. ಪರಮಾಣುವೆಂದರೆ ಧನ ವಿದ್ಯುದಂಶ ಎಲ್ಲ ಕಡೆ ಸಮನಾಗಿ ಹರಡಿದ ಒಂದು ಗೋಳ, ಎಲೆಕ್ಟ್ರಾನುಗಳು ಅದರೊಳಗೆ ಅಲ್ಲಲ್ಲಿ ಹುದುಗಿವೆ ಎಂದು ಜೆ.ಜೆ. ಥಾಮ್ಸನ್ 1904ರಲ್ಲಿ ಹೇಳಿದ್ದರು. 1897ರಲ್ಲಿ ಎಲೆಕ್ಟ್ರಾನನ್ನು ಕಂಡುಹಿಡಿದವರೇ ಅವರು. ಪರಮಾಣು ಹಾಗಿದ್ದರೆ ಧನ ವಿದ್ಯುದಂಶವುಳ್ಳ ಆಲ್ಫಾ ಕಣಗಳು ತೆಳು ಲೋಹದ ಹಾಳೆಯನ್ನು ಹೆಚ್ಚು ಬಾಗದೆ ದಾಟಿ ಹೋಗಬೇಕಿತ್ತು. ಮ್ಯಾಂಚೆಸ್ಟರಿನ ಭೌತವಿಜ್ಞಾನಿ ರುದರ್‌ಫೋರ್ಡ್ ತಮ್ಮ ಸಹಾಯಕ ಗೈಗರ್ ಮತ್ತು 20 ವರ್ಷದ ವಿದ್ಯಾರ್ಥಿ ಮಾರ್ಸ್‌ಡನ್ ಇಬ್ಬರನ್ನೂ ಇದನ್ನು ಪರೀಕ್ಷಿಸುವ ಕೆಲಸಕ್ಕೆ ಹಚ್ಚಿದರು. ಎಣಿಸಿದ್ದು ಯಂತ್ರವಲ್ಲ, ಕಣ್ಣು. ಕತ್ತಲೆ ಕೋಣೆಯಲ್ಲಿ ಕೂತು ಕಣ್ಣನ್ನು ಕತ್ತಲೆಗೆ ಒಗ್ಗಿಸಿಕೊಂಡು, ಸತುವಿನ ಸಲ್ಫೈಡ್ ಬಳಿದ ಪುಟ್ಟ ಪರದೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಕಣ ಬಡಿದಾಗಲೆಲ್ಲ ಮಿನುಗುವ ಬೆಳಕನ್ನು ಒಂದೊಂದಾಗಿ ಎಣಿಸಿದರು. ಬಹುಪಾಲು ಕಣಗಳು ಚಿನ್ನದ ಹಾಳೆಯನ್ನು ನೇರ ದಾಟಿದವು. ಕೆಲವು ಮಾತ್ರ ಬಂದ ದಾರಿಗೇ ತಿರುಗಿದವು. ಪ್ಲಾಟಿನಂ ಹಾಳೆಯಲ್ಲಿ ಸುಮಾರು 8,000ಕ್ಕೆ ಒಂದು. ಹರಡಿಕೊಂಡ ವಿದ್ಯುದಂಶಕ್ಕೆ ಅವನ್ನು ಹಿಂದಕ್ಕೆ ತಳ್ಳುವ ಶಕ್ತಿಯಿಲ್ಲ. ಎಲ್ಲವೂ ಒಂದೇ ಕಡೆ ಒತ್ತರಿಸಿಕೊಂಡಿದ್ದರೆ ಮಾತ್ರ ಸಾಧ್ಯ. ಹೀಗೆ 1911ರಲ್ಲಿ ನಿನ್ನ ನಡುವಿನ ಗುಂಡು ಬಂತು. ಇದನ್ನು ಹೇಳಿದಾಗ ಆ ಹುಡುಗಿ, "ಅಪ್ಪಾನೂ ಹಂಗ ಬಡದು ನೋಡ್ತಾರ" ಅಂದಳು. ಪುಸ್ತಕ ಒಂದು ವರ್ಷದಲ್ಲಿ ಕಲಿಸದ್ದನ್ನು ಅವಳು ಒಂದು ಮಾತಿನಲ್ಲಿ ಹಿಡಿದಿದ್ದಳು.

ನಿನ್ನ ಉಂಗುರಗಳ ಕಥೆ ಬೇರೆ. ಸುತ್ತುವ ಎಲೆಕ್ಟ್ರಾನ್ ಬೆಳಕಿನ ರೂಪದಲ್ಲಿ ಶಕ್ತಿ ಕಳೆದುಕೊಳ್ಳುತ್ತ, ಸೆಕೆಂಡಿನ ಹತ್ತು ಸಾವಿರ ಕೋಟಿಯಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ನ್ಯೂಕ್ಲಿಯಸ್ಸಿಗೆ ಬಿದ್ದುಬಿಡಬೇಕು ಎಂದು ಅಂದಿನ ಭೌತಶಾಸ್ತ್ರ ಹೇಳುತ್ತಿತ್ತು. ಹಾಗಾಗುತ್ತಿಲ್ಲವಲ್ಲ! 1913ರಲ್ಲಿ ನೀಲ್ಸ್ ಬೋರ್ ಕೆಲವೇ ಕೆಲವು ಕಕ್ಷೆಗಳಿಗೆ ಮಾತ್ರ ಅನುಮತಿ ಇದೆ, ಮೇಲಿನಿಂದ ಕೆಳಗೆ ಇಳಿದಾಗ ಮಾತ್ರ ಬೆಳಕು ಹೊರಬರುತ್ತದೆ ಎಂದರು. ಜಲಜನಕದ ಬೆಳಕಿನ ಗೆರೆಗಳಿಗೆ 1885ರಲ್ಲೇ ಸೂತ್ರ ಕೊಟ್ಟಿದ್ದವರು ಬಾಸೆಲ್ ಊರಿನ ಹೆಣ್ಣುಮಕ್ಕಳ ಶಾಲೆಯ ಮೇಷ್ಟ್ರು ಬಾಮರ್. ಆ ಸೂತ್ರ ಏಕೆ ಸರಿ ಎಂಬುದಕ್ಕೆ ಬೋರ್ ಲೆಕ್ಕ ಕಾರಣ ಕೊಟ್ಟಿತು. ಮಕ್ಕಳು ಮನೆಯ ಗ್ಯಾಸ್ ಒಲೆಗೆ ಚಿಟಿಕೆ ಉಪ್ಪು ಹಾಕಿ ನೋಡಲಿ, ಉರಿ ಹಳದಿಯಾಗುತ್ತದೆ: ಸೋಡಿಯಂನ ಎಲೆಕ್ಟ್ರಾನ್ ಒಂದು ಮೆಟ್ಟಿಲು ಇಳಿದು ಬಿಟ್ಟುಕೊಟ್ಟ, 589 ನ್ಯಾನೋಮೀಟರಿನ ಬೆಳಕು ಅದು.

ಇಷ್ಟು ಒಳ್ಳೆಯ ಕೆಲಸ ಮಾಡಿದ ಬೋರ್ ಲೆಕ್ಕ, ಎರಡೇ ಎಲೆಕ್ಟ್ರಾನುಗಳಿರುವ ಹೀಲಿಯಂಗೆ ಬಂದೊಡನೆ ಸೋತಿತು. 1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂತು. ಎಲೆಕ್ಟ್ರಾನ್ ಎಲ್ಲಿ ಸಿಗುವ ಸಂಭವ ಎಷ್ಟು ಎಂದಷ್ಟೇ ಹೇಳಬಹುದು ಎಂದು ಮ್ಯಾಕ್ಸ್ ಬಾರ್ನ್ ಅದರ ಅರ್ಥ ಬಿಡಿಸಿದರು. ಉಂಗುರ ಆ ವರ್ಷವೇ ಹೋಯಿತು. ನ್ಯೂಟ್ರಾನ್ ಸಿಕ್ಕಿದ್ದು 1932ರಲ್ಲಿ, ಚಾಡ್ವಿಕ್ ಕೈಗೆ. ಅಂದರೆ ಉಂಗುರವನ್ನೂ ನ್ಯೂಟ್ರಾನನ್ನೂ ಒಟ್ಟಿಗೆ ತೋರಿಸುವ ನಿನ್ನಂಥ ಪರಮಾಣುವನ್ನು ವಿಜ್ಞಾನ ಯಾವ ದಿನವೂ ನಂಬಿರಲಿಲ್ಲ.

ಪರಮಾಣುವಿನ ಬಗ್ಗೆ ಪ್ರಾಚೀನ ದಾರ್ಶನಿಕ ಕಣಾದರಿಗೇ ಎಲ್ಲ ಗೊತ್ತಿತ್ತು ಎನ್ನುವವರಿಗೂ ಒಂದು ಮಾತು. ಬಿಸಿಲುಕೋಲಿನ ಧೂಳಿಗಿಂತ ಸಣ್ಣದನ್ನು ತರ್ಕದಿಂದ ಕಲ್ಪಿಸಿದ್ದು ದೊಡ್ಡ ವಿಚಾರ, ಗೌರವ ಇದೆ. ಕತ್ತಲೆಯಲ್ಲಿ ಕೂತು ಎಣಿಸಿದ್ದು ಬೇರೆ ಕೆಲಸ.

ನಮ್ಮ ಮಕ್ಕಳಿಗೆ ಈ ಕಥೆ ದೂರದ್ದೂ ಅಲ್ಲ. ಇದೇ ಮುಂಬೈಯ ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ಭಾರತದ ಮೊದಲ ರಿಯಾಕ್ಟರ್ ಅಪ್ಸರಾ ನಡೆಯತೊಡಗಿತು. ಅಲ್ಲಿಯ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದ ರಾಜಾ ರಾಮಣ್ಣ ಹುಟ್ಟಿದ್ದು ತುಮಕೂರಿನಲ್ಲಿ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕೋಲಾರದ ಚಿನ್ನದ ಗಣಿಯ ಆಳಕ್ಕೆ ಉಪಕರಣ ಇಳಿಸಿ, 1965ರಲ್ಲಿ ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆಗೂಡಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣಗಳ ಗುರುತು ಹಿಡಿದರು. ಕನ್ನಡ ಮಾಧ್ಯಮದ ಮಗುವೊಂದಕ್ಕೆ ಇದು ತಿಳಿಯದೆ ಹೋದರೆ ನಷ್ಟ ಮಗುವಿನದಷ್ಟೇ ಅಲ್ಲ.

ನಿನ್ನನ್ನು ಗೋಡೆಯಿಂದ ಇಳಿಸುವುದಿಲ್ಲ. ನಿನ್ನ ಕೆಳಗೆ "1913, ಜಲಜನಕಕ್ಕೆ ಸರಿ, ಹೀಲಿಯಂಗೆ ತಪ್ಪು" ಎಂದು ಬರೆಯುತ್ತೇನೆ. ಎಡಕ್ಕೆ ಥಾಮ್ಸನ್ನರ ಗೋಳ, ಬಲಕ್ಕೆ 1926ರ ಅಂಚಿಲ್ಲದ ಮಬ್ಬು. ಪ್ರಶ್ನೆಪತ್ರಿಕೆ ತಯಾರಿಸುವವರ ಕಣ್ಣಿಗೆ ಈ ಪತ್ರ ಬಿದ್ದರೆ ಅವರಲ್ಲೂ ಕೈಮುಗಿದು ಕೇಳುತ್ತೇನೆ: ಚಿತ್ರ ಬಿಡಿಸಿದ್ದಕ್ಕೆ ಎರಡು ಅಂಕ ಕೊಡಿ, "ಅದು ಹೇಗೆ ಗೊತ್ತಾಯಿತು?" ಎಂದು ಕೇಳಿ, ಅದಕ್ಕೆ ಐದು ಕೊಡಿ.

ಇಂತಿ,
ಧಾರಾವಿಯ ಒಬ್ಬ ಕನ್ನಡ ಮೇಷ್ಟ್ರು