ಹುಡುಗನಿಗೆ ವರ್ಷಕ್ಕೆ ಎಷ್ಟು ಬರುತ್ತೆ?

ಜೇನ್ ಆಸ್ಟೆನ್ ತೀರಿಕೊಂಡು ಇನ್ನೂರು ವರ್ಷವಾಯಿತೆಂದು 2017ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹತ್ತು ಪೌಂಡಿನ ನೋಟಿನ ಮೇಲೆ ಆಕೆಯ ಚಿತ್ರ ಹಾಕಿಸಿತು. ಲೇಖಕಿ ಎಂದ ಮೇಲೆ ಬರೀ ಮುಖ ಹಾಕಿದರೆ ಸಾಕೆ, ಕೆಳಗೊಂದು ಸುಭಾಷಿತವೂ ಬೇಕಲ್ಲ. 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯಿಂದ ಓದಿನ ಸುಖವನ್ನು ಕೊಂಡಾಡುವ ಒಂದು ಮಾತನ್ನು ಹೆಕ್ಕಿ ತಂದು ಕೂರಿಸಿದರು. ಮಾತೇನೋ ಸೊಗಸಾಗಿದೆ. ಆದರೆ ಅದನ್ನು ಆಡಿದವಳು ಮಿಸ್ ಬಿಂಗ್ಲಿ, ಕಾದಂಬರಿಯಲ್ಲಿ ಪುಸ್ತಕದ ಗೊಡವೆಯೇ ಇಲ್ಲದ ಹೆಣ್ಣು. ನಾಯಕ ಡಾರ್ಸಿ ಓದುತ್ತಿರುವುದು ಮೊದಲ ಸಂಪುಟವೆಂದು ಅದರ ಎರಡನೇ ಸಂಪುಟವನ್ನೇ ಎತ್ತಿಕೊಂಡು ಕೂತವಳು. ಅವನು ತಲೆ ಎತ್ತದಿದ್ದಾಗ ಆಕಳಿಸುತ್ತ ಈ ಅಮೃತವಾಣಿ ನುಡಿದು, ಮತ್ತೊಮ್ಮೆ ಆಕಳಿಸಿ, ಪುಸ್ತಕ ಅತ್ತ ಬಿಸಾಡಿ, ಡಾನ್ಸಿನ ಮಾತು ಕಿವಿಗೆ ಬಿದ್ದೊಡನೆ ಚುರುಕಾದವಳು. ಹೀಗೆ ಗಂಡು ಹಿಡಿಯಲು ಹೇಳಿದ ಸುಳ್ಳೊಂದು ಒಂದು ದೇಶದ ಅಧಿಕೃತ ಚಲಾವಣೆಗೆ ಬಂತು. ನೋಟಿನ ಮೇಲಿನ ಮುಖವೂ ಅಷ್ಟೆ. ಅಕ್ಕ ಕಸಾಂಡ್ರ ಬಿಡಿಸಿದ್ದ, ತುಟಿ ಬಿಗಿದ ಚಿತ್ರವನ್ನು ವಿಕ್ಟೋರಿಯಾ ಕಾಲದವರು ತಿದ್ದಿ ತೀಡಿ ಸೌಮ್ಯ ಮಾಡಿದ ಪ್ರತಿ ಅದು. ಹಿಂದೆ ಕಾಣುವ ಬಂಗಲೆ ಅಣ್ಣ ಎಡ್ವರ್ಡನದು. ನಿಜವಾಗಿ ಆಕೆಯದು ಎನ್ನಬಹುದಾದದ್ದು ಹತ್ತು ಪೌಂಡು ಎಂಬ ಅಂಕಿಯೊಂದೇ. 1803ರಲ್ಲಿ 'ಸೂಸನ್' ಎಂಬ ಕಾದಂಬರಿಯನ್ನು ಆಕೆ ಮಾರಿದ್ದು ಸರಿಯಾಗಿ ಅಷ್ಟಕ್ಕೆ. ಪ್ರಕಾಶಕ ಅಚ್ಚು ಹಾಕದೆ ಪೆಟ್ಟಿಗೆಯಲ್ಲಿಟ್ಟುಕೊಂಡ. 1816ರಲ್ಲಿ ಅದನ್ನು ಬಿಡಿಸಿಕೊಳ್ಳಲು ಮರಳಿ ಕೊಟ್ಟಿದ್ದೂ ಅದೇ ಹತ್ತು ಪೌಂಡು.

ಚುರುಕು ನಾಲಿಗೆಯ ಹೆಂಗಸರಿಗೆಲ್ಲ ಕಾದಿರುವ ಗತಿ ಇದು. ಬದುಕು, ಪ್ರೀತಿ, ಸುಖ ಎಂದು ಅವರು ಎಲ್ಲೋ ಯಾರ ಬಾಯಲ್ಲೋ ಆಡಿಸಿದ ಮಾತುಗಳನ್ನು ಕತ್ತರಿಸಿ ಕಾಫಿ ಲೋಟದ ಮೇಲೆ, ಕ್ಯಾಲೆಂಡರಿನ ಮೇಲೆ, ಮದುವೆ ಆಮಂತ್ರಣದ ಮೂಲೆಯಲ್ಲಿ ಅಂಟಿಸುತ್ತಾರೆ. ವ್ಯಂಗ್ಯ ಉದುರಿ ಹೋಗಿ ಸಕ್ಕರೆಯೊಂದೇ ಉಳಿಯುತ್ತದೆ. ಆದ್ದರಿಂದ ನನ್ನ ವಾದ ಇಷ್ಟು: ಸುಖದ ಬಗ್ಗೆ ಆಸ್ಟೆನ್ ಏನು ತಿಳಿದಿದ್ದಳು ಎಂಬುದನ್ನು ಆಕೆಯ ಸೂಕ್ತಿಗಳಲ್ಲಿ ಹುಡುಕಬಾರದು, ಲೆಕ್ಕಗಳಲ್ಲಿ ಹುಡುಕಬೇಕು. ಆಕೆಯ ನಾಯಕನ ಮೂಗು ಹೇಗಿತ್ತೆಂದು ಕೇಳಿದರೆ ಓದುಗರು ತಡಕಾಡಬಹುದು, ವರಮಾನ ಕೇಳಿದರೆ ತಡಕಾಡುವುದು ಅಪರೂಪ. ಡಾರ್ಸಿಗೆ ವರ್ಷಕ್ಕೆ ಹತ್ತು ಸಾವಿರ, ಅವನ ಗೆಳೆಯ ಬಿಂಗ್ಲಿಗೆ ನಾಲ್ಕೈದು ಸಾವಿರ, 'ಪರ್ಸುಯೇಷನ್'ನ ಕ್ಯಾಪ್ಟನ್ ವೆಂಟ್‌ವರ್ತ್ ಯುದ್ಧದಲ್ಲಿ ಹಡಗು ಹಿಡಿದು ಕೂಡಿಹಾಕಿದ್ದು ಇಪ್ಪತ್ತೈದು ಸಾವಿರ, ಪಾಪ ಡಾರ್ಸಿಯ ಕಥೆಯ ನಾಯಕಿ ಎಲಿಜಬೆತ್‌ಗೆ ತಾಯಿ ಸತ್ತ ಮೇಲೆ ಬರುವುದು ಬರೀ ಒಂದು ಸಾವಿರದ ಗಂಟು. ನಮ್ಮ ಕಡೆ ಸಂಬಂಧ ನೋಡುವ ಹಿರಿಯರು ಹಜಾರದಲ್ಲಿ ಕೂತು ಗುಣ, ಗೋತ್ರ, ನಕ್ಷತ್ರ ಮಾತಾಡಿ, 'ಹುಡುಗನಿಗೆ ಎಷ್ಟು ಬರುತ್ತೆ?' ಎಂಬ ಪ್ರಶ್ನೆಯನ್ನು ಅಡುಗೆಮನೆಯ ಬಾಗಿಲಲ್ಲಿ ಪಿಸುಗುಟ್ಟುತ್ತಾರಲ್ಲ, ಆಸ್ಟೆನ್ ಆ ಪ್ರಶ್ನೆಯನ್ನು ಹಜಾರಕ್ಕೇ ತಂದು ಎಲ್ಲರ ಎದುರು ಕೇಳಿದಳು. ಅಲ್ಲಿಂದಲೇ ನಗು ಹುಟ್ಟುತ್ತದೆ. ದುಡ್ಡೊಂದನ್ನೇ ಜಪಿಸುವ ಎಲಿಜಬೆತ್ ತಾಯಿ ಮಿಸೆಸ್ ಬೆನೆಟ್ ನಗೆಪಾಟಲು, ದುಡ್ಡಿನ ಹೆಸರೆತ್ತಿದರೆ ಮೂಗು ಮುರಿಯುವವಳು ಅದಕ್ಕಿಂತ ದೊಡ್ಡ ನಗೆಪಾಟಲು.

ಈ ಎರಡನೆಯವಳನ್ನು ನೋಡಬೇಕೆಂದರೆ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಗೆ ಹೋಗಬೇಕು. ತಂಗಿ ಮೇರಿಯಾನ್ ಕವಿತೆ, ಕಣ್ಣೀರು, ಒಣಗಿದ ಎಲೆ ಎಂದರೆ ಪ್ರಾಣ ಬಿಡುವವಳು. ಐಶ್ವರ್ಯಕ್ಕೂ ಸುಖಕ್ಕೂ ಏನು ಸಂಬಂಧ ಎಂದು ಅವಳು ಮುಖ ಸಿಂಡರಿಸುತ್ತಾಳೆ. ವೈಭವ ಬೇಡದಿರಬಹುದು, ಹಣ ಮಾತ್ರ ಬೇಕೇ ಬೇಕಲ್ಲ ಎನ್ನುತ್ತಾಳೆ ಅಕ್ಕ ಎಲಿನರ್. ಛೆ, ನಮ್ಮಕ್ಕ ಇಷ್ಟು ವ್ಯವಹಾರಸ್ಥೆಯೇ ಎಂದು ತಂಗಿ ನೊಂದುಕೊಳ್ಳುತ್ತಾಳೆ. ಹಾಗಾದರೆ ನಿನಗೆ ಹೊಟ್ಟೆಬಟ್ಟೆಗೆ ಸಾಕು ಅನ್ನಿಸುವುದು ಎಷ್ಟಪ್ಪ ಎಂದು ಅಕ್ಕ ಅಂಕಿ ಕೇಳುತ್ತಾಳೆ. ವರ್ಷಕ್ಕೆ ಎರಡು ಸಾವಿರ, ಅದಕ್ಕಿಂತ ಹೆಚ್ಚೇನೂ ಬೇಡ ಎನ್ನುತ್ತಾಳೆ ವಿರಾಗಿಣಿ! ಎಲಿನರ್‌ಗೆ ನಗು. ಅವಳ ಲೆಕ್ಕದಲ್ಲಿ ಒಂದು ಸಾವಿರವೇ ಐಶ್ವರ್ಯ. ಹಣವನ್ನು ಗೌರವಿಸುವವಳಿಗೆ ಒಂದು ಸಾವಿರ ಸಾಕು, ತಿರಸ್ಕರಿಸುವವಳಿಗೆ ಎರಡು ಸಾವಿರವಿಲ್ಲದೆ ಆಗದು, ಏಕೆಂದರೆ ಅವಳ ಸರಳ ಬದುಕಿನಲ್ಲಿ ಆಳುಕಾಳು, ಗಾಡಿ, ಬೇಟೆಗೆ ಕುದುರೆಗಳೂ ಇವೆ. ಆಸ್ಟೆನ್ ಇಲ್ಲಿ ಯಾರನ್ನೂ ಬೈಯುವುದಿಲ್ಲ, ಅಂಕಿ ಹೇಳಿಸಿ ಸುಮ್ಮನಾಗುತ್ತಾಳೆ. ಇನ್ನೂ ಸೂಕ್ಷ್ಮವಾದ ಕೀಟಲೆ ಕೊನೆಯಲ್ಲಿದೆ. ಮೇರಿಯಾನ್ ಕೈಹಿಡಿಯುವ ಕರ್ನಲ್ ಬ್ರಾಂಡನ್‌ನ ವರಮಾನ ಸರಿಯಾಗಿ ವರ್ಷಕ್ಕೆ ಎರಡು ಸಾವಿರ. ಎಲಿನರ್ ಮತ್ತು ಅವಳ ಪ್ರಿಯಕರ ಎಡ್ವರ್ಡ್ ಎಷ್ಟೇ ಪ್ರೀತಿಸುತ್ತಿದ್ದರೂ, ಮುನ್ನೂರೈವತ್ತು ಪೌಂಡಿನಲ್ಲಿ ಸಂಸಾರ ನಡೆದೀತು ಎಂದು ನಂಬುವಷ್ಟು ಮೈಮರೆತಿರಲಿಲ್ಲವಾದ್ದರಿಂದ, ಹುಡುಗನ ತಾಯಿ ಕರಗಿ ಹತ್ತು ಸಾವಿರದ ಗಂಟು ಕೊಡುವ ತನಕ ಮದುವೆ ಮುಂದೆ ಹೋಗುತ್ತದೆ. ಪ್ರೇಮಕಥೆಯ ಕಟ್ಟಕಡೆಯ ಅಡ್ಡಿ ಖಳನಾಯಕನಲ್ಲ, ಬಜೆಟ್ಟು.

ಹಾಗಿದ್ದರೆ ಆಸ್ಟೆನ್ ಕೂಡ ದುಡ್ಡಿನ ಕಡೆಯವಳೇ ಅನ್ನಿ ಎನ್ನುವವರಿದ್ದಾರೆ. ಸರ್ ವಾಲ್ಟರ್ ಸ್ಕಾಟ್‌ನಂಥವನಿಗೂ ಈ ಗುಮಾನಿ ಬಂದಿತ್ತು. ಡಾರ್ಸಿಯ ಭವ್ಯ ಬಂಗಲೆ, ತೋಟ ನೋಡಿದ ಮೇಲೆಯೇ ಎಲಿಜಬೆತ್‌ಗೆ ತನ್ನ ನಿರಾಕರಣೆ ಪೆದ್ದುತನವೆಂದು ಹೊಳೆಯಿತು ಎಂಬರ್ಥದ ಮಾತನ್ನು ಅವನು ಬರೆದ ವಿಮರ್ಶೆಯಲ್ಲಿ ಕಾಣಬಹುದು. ಯಾವಾಗಿನಿಂದ ಅವನ ಮೇಲೆ ಮನಸ್ಸಾಯಿತೆಂದು ಅಕ್ಕ ಕೇಳಿದಾಗ ಎಲಿಜಬೆತ್ ಆ ತೋಟದ ಹೆಸರನ್ನೇ ಹೇಳಿ ತಮಾಷೆ ಮಾಡುತ್ತಾಳೆ, ನಿಜ. ಆದರೆ ಅದೇ ಎಲಿಜಬೆತ್ ಹತ್ತು ಸಾವಿರದ ಡಾರ್ಸಿ ಮೊದಲ ಸಲ ಕೇಳಿದಾಗ ಮುಖಕ್ಕೆ ಹೊಡೆದಂತೆ ಇಲ್ಲ ಎಂದವಳು. ಅದಕ್ಕೂ ಮುಂಚೆ ಅಪ್ಪನ ಮನೆಯನ್ನೇ ವಾರಸುದಾರನಾಗಿ ಪಡೆಯಲಿದ್ದ ಪಾದ್ರಿ ಕಾಲಿನ್ಸ್‌ನನ್ನೂ ಬೇಡವೆಂದವಳು. ಊರವರೂ ಬರೀ ದುಡ್ಡಿಗೆ ಬೀಳುವುದಿಲ್ಲ. ಡಾರ್ಸಿ ಡಾನ್ಸಿನ ಹಾಲಿಗೆ ಕಾಲಿಟ್ಟ ಐದು ನಿಮಿಷದಲ್ಲಿ ಅವನ ವರಮಾನ ಬಾಯಿಂದ ಬಾಯಿಗೆ ಹರಡಿ ಎಲ್ಲರಿಗೂ ಅವನು ಸುಂದರನಾಗಿ ಕಾಣುತ್ತಾನೆ. ಸಂಜೆ ಮುಗಿಯುವುದರೊಳಗೆ ಅವನ ಬಿಂಕ ಕಂಡ ಮೇಲೆ, ಡರ್ಬಿಶೈರ್ ಸೀಮೆಯಲ್ಲಿದ್ದ ಅವನ ಇಡೀ ಆಸ್ತಿಗೂ ಆ ಮುಖವನ್ನು ಉಳಿಸಿಕೊಳ್ಳಲಾಗುವುದಿಲ್ಲ. ಹಣವಿದ್ದರೆ ಸುಖ ಬರುತ್ತದೆಂದು ಆಕೆ ಎಲ್ಲೂ ಹೇಳಿಲ್ಲ. ಹಣದ ಲೆಕ್ಕ ಬಚ್ಚಿಟ್ಟು ಸುಖದ ಮಾತಾಡುವವರನ್ನು ನಂಬಬೇಡಿ ಎಂದಷ್ಟೇ ಆಕೆಯ ಪುಟಗಳೆಲ್ಲ ಹೇಳುವುದು. ಎರಡಕ್ಕೂ ವ್ಯತ್ಯಾಸ ಕಾಣದವರು ಎಲಿಜಬೆತ್ ಗೆಳತಿ ಷಾರ್ಲಟ್ ಲೂಕಸ್‌ಳ ಸಂಸಾರವನ್ನು ಹತ್ತಿರದಿಂದ ನೋಡಬೇಕು. ಇಪ್ಪತ್ತೇಳು ದಾಟುತ್ತಿದ್ದ ಆ ಹುಡುಗಿ, ಗೆಳತಿ ಬೇಡವೆಂದ ಕಾಲಿನ್ಸ್‌ನನ್ನೇ ಕಟ್ಟಿಕೊಂಡಳು. ಒಂದು ಸೂರು, ಒಂದು ಹಿಂಡು ಕೋಳಿ ಸಿಕ್ಕವು. ಆ ಮನೆಯಲ್ಲಿ ವಿಶಾಲವಾದ, ಚಂದದ ಒಂದು ಊಟದ ಕೋಣೆಯಿರುತ್ತದೆ. ಷಾರ್ಲಟ್ ಹಗಲೆಲ್ಲ ಕೂರುವುದು ಮಾತ್ರ ಹಿಂದಿನ ಮಂಕು ಕೋಣೆಯಲ್ಲಿ. ನೋಡಲು ಬಂದ ಎಲಿಜಬೆತ್‌ಗೆ ಮೊದಲು ಇದೇನೆಂದು ಅರ್ಥವಾಗುವುದಿಲ್ಲ. ಆಮೇಲೆ ಹೊಳೆಯುತ್ತದೆ: ರಸ್ತೆ ಕಾಣುವ ಮುಂದಿನ ಕೋಣೆ ಗಂಡನದು. ಅವನು ಅಲ್ಲಿ ಕೂತು ಹೋಗಿಬರುವ ಗಾಡಿಗಳನ್ನು ನೋಡುತ್ತಿರಲಿ ಎಂಬ ಏರ್ಪಾಡು. ಹೆಂಡತಿಯ ಕೋಣೆಯೂ ಅಷ್ಟೇ ಚೆನ್ನಾಗಿದ್ದರೆ ಅವನು ಗಳಿಗೆಗೊಮ್ಮೆ ಒಳಗೆ ಬಂದಾನು. ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದೆಂದು ಷಾರ್ಲಟ್ ಅವನನ್ನು ಹುರಿದುಂಬಿಸುವುದೂ ಈ ಕಾರಣಕ್ಕೇ. ಪ್ರೀತಿಯಿಲ್ಲದ ಮದುವೆಯ ನರಕವನ್ನು ಓದುಗರನ್ನು ಅಳಿಸುತ್ತ ನೂರಾರು ಪುಟ ಬರೆದವರಿದ್ದಾರೆ. ಆಸ್ಟೆನ್‌ಗೆ ಎರಡು ಕೋಣೆ ಸಾಕಾದವು. ಷಾರ್ಲಟ್‌ಳನ್ನು ಆಕೆ ಹೀಯಾಳಿಸುವುದೂ ಇಲ್ಲ, ಅದು ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾಗುವ ಸಂಗತಿ.

ಹೀಯಾಳಿಸಲು ಮನಸ್ಸು ಬಾರದಿದ್ದುದಕ್ಕೆ ಮನೆಯಲ್ಲೇ ಕಾರಣವಿತ್ತು. ಜೇನ್‌ಳ ಸೋದರತ್ತೆ ಫಿಲಡೆಲ್ಫಿಯಾ ತಬ್ಬಲಿ. ಟೋಪಿ ಹೊಲಿಯುವ ಕೆಲಸ ಕಲಿತವಳು. ವರದಕ್ಷಿಣೆಯಿಲ್ಲದ ಹೆಣ್ಣಿಗೆ ಇಂಗ್ಲೆಂಡಿನಲ್ಲಿ ಗಂಡು ಸಿಗದೆಂದು 1752ರಲ್ಲಿ ಹಡಗು ಹತ್ತಿ ನಮ್ಮ ನೆರೆಯ ಮದರಾಸಿಗೆ ಬಂದಳು. ಮರುವರ್ಷವೇ ಕಡಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಜನ್ ಹ್ಯಾಂಕಾಕ್‌ನನ್ನು ಮದುವೆಯಾದಳು. ಸೋದರ ಸೊಸೆ ಜೇನ್ ಹದಿನಾರರಲ್ಲೇ 'ಕ್ಯಾಥರೀನ್' ಎಂಬ ಅರೆಬರೆ ಕಥೆ ಬರೆದು, ಬಂಗಾಳಕ್ಕೆ ಸಾಗಿಸಲ್ಪಟ್ಟ ಇಂಥದೇ ಒಬ್ಬ ಹುಡುಗಿಯನ್ನು ತಂದಳು. ಬಿಟ್ಟಿ ಪ್ರಯಾಣ, ಹೊಸ ಬಟ್ಟೆ, ಶ್ರೀಮಂತ ಗಂಡ, ಎಂಥ ಅದೃಷ್ಟ ಎನ್ನುತ್ತಾಳೆ ಕಥೆಯ ಒಬ್ಬ ಜಂಭಗಾತಿ. ಗುಣ ಗೊತ್ತಿಲ್ಲದವನ ಕೈಗೆ ಬೀಳುವುದು ಅದೃಷ್ಟವೇ ಎಂದು ಕೇಳುತ್ತಾಳೆ ಕ್ಯಾಥರೀನ್.

ಮದುವೆಯನ್ನೇ ಆಗದವಳಿಗೆ ದಾಂಪತ್ಯದ ಸುಖದುಃಖ ಏನು ಗೊತ್ತು ಎಂಬುದು ಹಳೆಯ ತಕರಾರು. ಆಕೆಗೆ ಅವಕಾಶ ಬರಲಿಲ್ಲವೆಂದಲ್ಲ. 1802ರ ಡಿಸೆಂಬರ್ 2ರಂದು, ದೊಡ್ಡ ಆಸ್ತಿಗೆ ವಾರಸುದಾರನಾಗಿದ್ದ ಇಪ್ಪತ್ತೊಂದರ ಹುಡುಗ ಹ್ಯಾರಿಸ್ ಬಿಗ್-ವಿದರ್ ಕೇಳಿದಾಗ ಒಪ್ಪಿಕೊಂಡಳು, ಬೆಳಗೆದ್ದು ಬೇಡವೆಂದಳು. ಇನ್ನೆರಡು ವಾರಕ್ಕೆ ಆಕೆಗೆ ಇಪ್ಪತ್ತೇಳು ತುಂಬಬೇಕಿತ್ತು. ಷಾರ್ಲಟ್‌ಗೂ ಇಪ್ಪತ್ತೇಳು, 'ಪರ್ಸುಯೇಷನ್'ನ ಆನ್‌ಗೂ ಇಪ್ಪತ್ತೇಳು, ಇಪ್ಪತ್ತೇಳಾದ ಹೆಣ್ಣಿಗೆ ಪ್ರೇಮದ ಆಸೆ ಇನ್ನೆಲ್ಲಿ ಎಂದು ಹದಿಹರೆಯದ ಮೇರಿಯಾನ್ ಆಡಿಕೊಳ್ಳುವುದೂ ಉಂಟು. ಅಂಕಿಗಳ ವಿಷಯದಲ್ಲಿ ಆಸ್ಟೆನ್ ಸುಮ್ಮಸುಮ್ಮನೆ ಬರೆಯುವವಳಲ್ಲ. ಬೇಡವೆಂದದ್ದಕ್ಕೆ ಬೆಲೆಯೆಷ್ಟೆಂದು ಗೊತ್ತಿದ್ದೇ ಬೇಡವೆಂದಳು. ಸಂಸಾರ ಆಕೆಗೆ ಬರೀ ಕೇಳಿ ತಿಳಿದ ಸಂಗತಿಯೂ ಆಗಿರಲಿಲ್ಲ. ಆರು ಜನ ಅಣ್ಣತಮ್ಮಂದಿರ ತಂಗಿ, ಅಕ್ಕ ಆಕೆ. ಎಡ್ವರ್ಡನ ಹೆಂಡತಿ 1808ರಲ್ಲಿ ಹನ್ನೊಂದನೆಯ ಹೆರಿಗೆಯ ಬೆನ್ನಲ್ಲೇ ತೀರಿಕೊಂಡಳು, ತಮ್ಮ ಚಾರ್ಲ್ಸ್‌ನ ಹೆಂಡತಿ 1814ರಲ್ಲಿ ನಾಲ್ಕನೆಯದಕ್ಕೆ. ಬಿಗ್-ವಿದರ್ ಮುಂದೆ ಬೇರೊಬ್ಬಳನ್ನು ಮದುವೆಯಾಗಿ ಹತ್ತು ಮಕ್ಕಳ ತಂದೆಯಾದ, ಅಷ್ಟು ಮಕ್ಕಳ ನಡುವೆ 'ಎಮ್ಮಾ' ಬರೆಯುವುದನ್ನು ಊಹಿಸಿ ನೋಡಿ. ಅಣ್ಣನ ಮಗಳು ಫ್ಯಾನಿಗೆ ಬರೆದ ಕಾಗದಗಳಲ್ಲಿ ತಕ್ಕಡಿಯ ಎರಡು ತಟ್ಟೆಗಳೂ ಇವೆ. 1814ರಲ್ಲಿ, ಫ್ಯಾನಿಯನ್ನು ಮೆಚ್ಚಿದ್ದ ಹುಡುಗನ ಗುಣಗಾನ ಮಾಡುತ್ತ ಹೋಗಿ, ಇಷ್ಟವಿಲ್ಲದೆ ಮದುವೆಯಾಗುವುದಕ್ಕಿಂತ ಬೇರೆ ಏನನ್ನಾದರೂ ಸಹಿಸಬಹುದೆಂದು ತಡೆಯುತ್ತಾಳೆ. 1817ರ ಮಾರ್ಚಿನಲ್ಲಿ, ಸಾವಿಗೆ ನಾಲ್ಕು ತಿಂಗಳಿರುವಾಗ, ಒಂಟಿ ಹೆಂಗಸರಿಗೆ ಬಡವರಾಗಿಬಿಡುವ ಕೆಟ್ಟ ಚಾಳಿಯುಂಟು, ಮದುವೆಯ ಪರವಾಗಿ ಅದೊಂದು ಗಟ್ಟಿ ವಾದ ಎಂದು ನಗಿಸುತ್ತಾಳೆ. ಇವೆರಡರಲ್ಲಿ ಒಂದನ್ನು ಮಾತ್ರ ಲೋಟದ ಮೇಲೆ ಅಚ್ಚು ಹಾಕಿಸಿದರೆ ಆಕೆ ಅರ್ಧ ಮಾತ್ರ ಸಿಗುತ್ತಾಳೆ.

ಆದರೂ ಎಲ್ಲ ಕಾದಂಬರಿಗಳೂ ಮದುವೆಯಲ್ಲೇ ಮುಗಿಯುತ್ತವಲ್ಲ? ಮುಗಿಯುತ್ತವೆ, ಮತ್ತು ಮುಗಿಸುವಾಗ ಆಕೆಗೆ ಬಸ್ಸು ತಪ್ಪುವ ಅವಸರ. 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ನಲ್ಲಿ ಮುನ್ನೂರು ಪುಟ ಇನ್ನೊಬ್ಬಳಿಗಾಗಿ ಹಂಬಲಿಸಿದ ಎಡ್ಮಂಡ್ ಕೊನೆಗೆ ಕಾದಂಬರಿಯ ನಾಯಕಿ ಫ್ಯಾನಿಯ ಕಡೆ ತಿರುಗಬೇಕು. ಎಷ್ಟು ದಿನದಲ್ಲಿ ತಿರುಗಿದ ಎಂದು ಆಕೆ ಬೇಕೆಂದೇ ಹೇಳುವುದಿಲ್ಲ. ಮನಸ್ಸು ಬದಲಾಗಲು ಎಷ್ಟು ಕಾಲ ಬೇಕೋ ಓದುಗರು ತಮ್ಮ ತಮ್ಮ ಅನುಭವಕ್ಕೆ ತಕ್ಕಂತೆ ಹಾಕಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾಳೆ. ಪೈಸೆ ಲೆಕ್ಕ ಬಿಡದವಳು ತಾರೀಖಿನ ಲೆಕ್ಕ ಬಿಟ್ಟಳೆಂದರೆ, ಅಲ್ಲಿ ಯಾರೋ ನಗುತ್ತಿದ್ದಾರೆಂದೇ ಅರ್ಥ.

ಆಕೆಯ ಸ್ವಂತ ಸುಖದ ಲೆಕ್ಕ ಮಾತ್ರ ಬಹಳ ಸ್ಪಷ್ಟ. 1801ರಲ್ಲಿ ಅಪ್ಪ ಸಂಸಾರ ಸಮೇತ ಆಕೆಯ ಹುಟ್ಟೂರು ಸ್ಟೀವನ್ಟನ್ ಬಿಟ್ಟು ಬಾತ್‌ಗೆ ಹೊರಟರು, 1805ರಲ್ಲಿ ತೀರಿಕೊಂಡರು. ಆಮೇಲೆ ತಾಯಿ, ಇಬ್ಬರು ಹೆಣ್ಣುಮಕ್ಕಳು ಅಣ್ಣತಮ್ಮಂದಿರ ನೆರವೂ ಸೇರಿ ವರ್ಷಕ್ಕೆ ಸುಮಾರು 450 ಪೌಂಡಿನಲ್ಲಿ ಬಾಡಿಗೆ ಮನೆಯಿಂದ ಮನೆಗೆ ತಿರುಗಿದರು. ಬಾತ್ ಊರಿನ ವರ್ಷಗಳಲ್ಲಿ ಆಕೆ ಶುರುಮಾಡಿದ ಒಂದು ಕಾದಂಬರಿ ಅರ್ಧಕ್ಕೆ ನಿಂತಿತು. 1809ರಲ್ಲಿ ಎಡ್ವರ್ಡ್ ಚಾಟನ್ ಹಳ್ಳಿಯಲ್ಲಿ ಬಾಡಿಗೆಯಿಲ್ಲದ ಮನೆ ಕೊಟ್ಟ. ನಾಲ್ವರು ಹೆಂಗಸರು. ಅಡುಗೆ, ಮನೆವಾರ್ತೆ ಕಸಾಂಡ್ರ ಮತ್ತು ಗೆಳತಿ ಮಾರ್ಥಾ ಲಾಯ್ಡ್‌ಗೆ. ಜೇನ್ ಪಾಲಿಗೆ ಬೆಳಗ್ಗೆ ಒಂಬತ್ತಕ್ಕೆ ತಿಂಡಿ, ಮತ್ತೆ ಚಹಾ, ಸಕ್ಕರೆ, ವೈನಿನ ಉಸ್ತುವಾರಿ, ಅಷ್ಟೇ. 1811ರಿಂದ 1815ರೊಳಗೆ ನಾಲ್ಕು ಕಾದಂಬರಿ ಅಚ್ಚಾದವು. ಪ್ರೇಮದ ದೇವತೆ ಎಂದು ಈಗ ಪೂಜೆಗೊಳ್ಳುವವಳಿಗೆ ಬೇಕಿದ್ದುದು ಒಂದು ಖಾಯಂ ಸೂರು, ಮೂದಲಿಸದ ಜೊತೆಗಾತಿಯರು, ಅಡುಗೆಯಿಂದ ಬಿಡುವು, ಆಮೇಲೆ ದುಡ್ಡು. 'ಪ್ರೈಡ್ ಅಂಡ್ ಪ್ರೆಜುಡಿಸ್'ಗೆ 150 ಪೌಂಡು ಬರಲಿ ಎಂದಿದ್ದಳು, ಪ್ರಕಾಶಕ ಕೊಟ್ಟಿದ್ದು 110. 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ನ ಎರಡನೇ ಮುದ್ರಣ ಆಗುತ್ತದೋ ಇಲ್ಲವೋ ಎಂಬ ಹೊತ್ತಿನಲ್ಲಿ, ಜನ ಪುಸ್ತಕವನ್ನು ಕಡ ತಂದು ಹೊಗಳುತ್ತಾರೆ, ಕೊಳ್ಳುವುದಿಲ್ಲ, ಹೊಗಳಿಕೆ ನನಗೂ ಇಷ್ಟವೇ, ಕಾಸೂ ಇಷ್ಟ ಎಂಬ ದೂರು ಅಣ್ಣನ ಮಗಳು ಫ್ಯಾನಿಗೆ ಹೋಯಿತು. ಎರಡನೇ ಮುದ್ರಣ ಬೇರೆ ಪ್ರಕಾಶಕನಿಂದ 1816ರಲ್ಲಿ ಬಂದು ನಷ್ಟವಾಯಿತು. ಆ ನಷ್ಟವನ್ನು 'ಎಮ್ಮಾ'ದ ಲಾಭದಲ್ಲಿ ಮುರಿದುಕೊಂಡು, ರಾಜಕುಮಾರನಿಗೇ ಅರ್ಪಣೆಯಾಗಿದ್ದ ಆ ಪುಸ್ತಕಕ್ಕೆ ಪ್ರಕಾಶಕ ಮೊದಲ ಕಂತಾಗಿ ಕಳಿಸಿದ್ದು 38 ಪೌಂಡು 18 ಶಿಲ್ಲಿಂಗ್. ಈ ಒಂದು ಪುಟವನ್ನು ಮಾತ್ರ ಕನ್ನಡದ ಲೇಖಕಿಯರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಓದಿ ಕೊಡುತ್ತೇನೆಂದು ಒಯ್ದವರ ಪಟ್ಟಿ ಅವರ ಬಳಿಯೂ ಇದೆ.